ಕರಡಿನಲ್ಲಿ ಬಿಟ್ಟುಹೋದ ಹೆಸರುಗಳು

ವಿಜಯಪುರದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ತಿಕೋಟಾ ಮತ್ತು ಬಬಲೇಶ್ವರದ ದ್ರಾಕ್ಷಿ ತೋಟಗಳಿಂದ ಅಕ್ಟೋಬರ್ ಚಾಟ್ನಿಯ ನಂತರದ ಎಲೆಗಳನ್ನು ತಂದು, ಬೂಜುತುಪ್ಪಟ ರೋಗದ ಕಲೆ ಎಷ್ಟು ಹರಡಿದೆಯೆಂದು ಗಣಕಯಂತ್ರದಲ್ಲಿ ಅಳೆದರು. ಲೇಖನದ ಕರಡಿನಲ್ಲಿ ಒಂದೇ ಮಾತಿತ್ತು: ಇಮೇಜ್‌ಜೆ ತಂತ್ರಾಂಶದಿಂದ ಅಳೆಯಲಾಯಿತು.

ಮಾತು ಸುಳ್ಳಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೇಯ್ನ್ ರಾಸ್‌ಬ್ಯಾಂಡ್ ಅವರು 1997ರಲ್ಲಿ ಹೊರತಂದ ಇಮೇಜ್‌ಜೆ ಸಾರ್ವಜನಿಕ ಸ್ವತ್ತು. ಅದಕ್ಕೆ ನಾನಾ ದೇಶಗಳ ಸಂಶೋಧಕರು ಪ್ಲಗಿನ್ ಎಂಬ ಉಪತಂತ್ರಾಂಶಗಳನ್ನು ಬರೆದು ಜೋಡಿಸಿದ್ದಾರೆ. ಚದುರಿದ್ದ ಅಂಥವನ್ನು ಒಂದು ಕಟ್ಟಾಗಿ ಹಂಚುವ ಏರ್ಪಾಡಿಗೆ ಫಿಜಿ ಎಂದು ಹೆಸರು. ಆದರೆ ಎಲೆಯ ಹಸಿರಿನಿಂದ ಕಲೆಯನ್ನು ಬೇರ್ಪಡಿಸಿದ್ದು ಅದರೊಳಗಿನ 'ಟ್ರೇನಬಲ್ ವೇಕಾ ಸೆಗ್ಮೆಂಟೇಶನ್' ಎಂಬ ಪ್ಲಗಿನ್. ಇಗ್ನಾಸಿಯೊ ಅರ್ಗಾಂಡಾ-ಕರೇರಸ್ ಮತ್ತು ಸಂಗಡಿಗರು ಅದನ್ನು ಕುರಿತು 2017ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಅದೂ ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ವೇಕಾ ತಂತ್ರಾಂಶವನ್ನು ಆಶ್ರಯಿಸಿದೆ.

ತಿಕೋಟಾದ ವಿದ್ಯಾರ್ಥಿ ಕರಡನ್ನು ಓದಿ, "ಸರ್, ಯಾವ ಪ್ಲಗಿನ್ನು, ಯಾವ ಆವೃತ್ತಿ ಅಂತ ಬರೀಲಿಲ್ಲಂದ್ರ ಮತ್ತೊಬ್ಬರು ಹ್ಯಾಂಗ ಮಾಡಿ ನೋಡ್ತಾರ್ರೀ?" ಎಂದು ಕೇಳಿದ.

ಪುಕ್ಕಟೆ ಕೊಟ್ಟದ್ದನ್ನು ತೆಗೆದುಕೊಂಡರೆ ಕಳವೇನು ಎಂಬುದು ಅಧ್ಯಾಪಕರಿಗೆ ಮೊದಲು ತೋರಿದ ಸಮಾಧಾನ. ಅಚೌರ್ಯವ್ರತವನ್ನು ಬಲ್ಲ ಮನೆತನದವರು ಅವರು; ಕೊಡದಿದ್ದುದನ್ನು ಕೊಳ್ಳಬಾರದೆಂಬುದು ಬಾಲ್ಯದಲ್ಲೇ ಕೇಳಿದ ಮಾತು. ಇಲ್ಲಿ ಪ್ಲಗಿನ್ನನ್ನು ಕೊಟ್ಟಿದ್ದರು, ನಿಜ. ಅದನ್ನು ಬರೆದ ಶ್ರಮದ ಕೀರ್ತಿಯನ್ನು ಕೊಟ್ಟಿರಲಿಲ್ಲ. ಅಂಥವರಿಗೆ ಹುದ್ದೆಯಾಗಲಿ ಅನುದಾನವಾಗಲಿ ದೊರೆಯುವಾಗ ಇತರರು ಮಾಡಿದ ಉಲ್ಲೇಖಗಳೇ ಬಹುಮಟ್ಟಿಗೆ ಸಾಕ್ಷಿ. ಸಾಕ್ಷಿ ಇಲ್ಲದ ಕೆಲಸಕ್ಕೆ ಬಿಡುವು ದೊರೆಯದು. ಕಾಲಕ್ರಮದಲ್ಲಿ ತಿದ್ದುವವರಿಲ್ಲದೆ ಪ್ಲಗಿನ್ನು ಕೆಟ್ಟು ನಿಲ್ಲುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವೆಲ್ಲ ಭಕ್ತಿಯಿಂದ ನೆನೆಯುತ್ತೇವೆ; ಆ ಓಲೆಗಳ ಮೇಲೆ ಕಂಠವೂರಿದವರು ಯಾರೆಂದು ಕೇಳಿದವರು ವಿರಳ.

ಇದಕ್ಕಿಂತ ಬಿಗಿಯಾದ ಗಂಟು ಮನೆಯೊಳಗೇ ಇತ್ತು. ನೂರಾರು ಎಲೆಗಳ ಚಿತ್ರಗಳನ್ನು ತೋಟ, ಸಾಲು, ದಿನಾಂಕದ ಪ್ರಕಾರ ಹೊಂದಿಸಿ ಒಂದರ ಹಿಂದೊಂದು ಅಳೆಯುವ ಪುಟ್ಟ ಆಜ್ಞಾವಳಿಯನ್ನು ಬರೆದವನು ಅದೇ ವಿದ್ಯಾರ್ಥಿ. ಕರಡಿನಲ್ಲಿ ಅದು "ನಮ್ಮ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ್ದು" ಎಂದಾಗಿತ್ತು. ಪ್ರಶ್ನೆ ಕೇಳಿದಾಗ ಆತ ತನ್ನ ಹೆಸರನ್ನು ಎತ್ತಿರಲಿಲ್ಲ. ಆ ಮೌನವೇ ಅಧ್ಯಾಪಕರನ್ನು ಹೆಚ್ಚು ಚುಚ್ಚಿತು.

ಆ ರಾತ್ರಿ ಅವರು ಇಮೇಜ್‌ಜೆ, ಫಿಜಿ, ಪ್ಲಗಿನ್, ವೇಕಾ ಎಲ್ಲವನ್ನೂ ಆವೃತ್ತಿ ಸಹಿತ ಬರೆದರು. ಆಜ್ಞಾವಳಿಯ ಮೊದಲ ಸಾಲಿಗೂ ಲೇಖನಕ್ಕೂ ಹುಡುಗನ ಹೆಸರು ಸೇರಿತು. ಲೇಖನ ನಿಗದಿತ ಪುಟವನ್ನು ಮೀರಿತು. ಹೆಸರುಗಳನ್ನು ಅನುಬಂಧಕ್ಕೆ ಸರಿಸಬಹುದಿತ್ತು. ಅಲ್ಲಿನ ಉಲ್ಲೇಖ ಎಷ್ಟೋ ಬಾರಿ ಎಣಿಕೆಗೆ ಸಿಗುವುದಿಲ್ಲ. ಬಬಲೇಶ್ವರದ ತೋಟದಲ್ಲಿ ತಾವು ನಿಂತಿದ್ದ ಭಾವಚಿತ್ರವನ್ನು ತೆಗೆದುಹಾಕಿ ಅವರು ಜಾಗ ಮಾಡಿಕೊಂಡರು.