ಅಪ್ಪ ಹಾರಿಸಿದ ವಿಮಾನ

ಅಪ್ಪನ ಹಳೆಯ ಕೈಗಡಿಯಾರ ರಿಪೇರಿ ಮಾಡಿಸಿ ಕಟ್ಟಿಕೊಳ್ಳುವ ಮಕ್ಕಳನ್ನು ಕಂಡಿದ್ದೇನೆ. ವಿಮಾನವನ್ನೇ ರಿಪೇರಿ ಮಾಡಿಸಿದ ಮಗನ ಸುದ್ದಿ ಓದಿದ್ದು 2018ರಲ್ಲಿ. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ್ದು ಇದೇ ಜಾತಿಯ ವಿಮಾನ. ಮಗ ಅಂಥದೊಂದನ್ನು ಕೊಂಡು, ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ, ವಾಯುಪಡೆಗೆ ಕೊಟ್ಟರು. ಹೆಸರು ಪರಶುರಾಮ.

ಬಣ್ಣ ಬಳಿದು ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುವುದು ಸುಲಭ. ಹಾರಬೇಕೆಂದರೆ ಎರಡೂ ಇಂಜಿನ್ನು, ರೆಕ್ಕೆಯ ಕೀಲು, ಇಂಧನದ ಕೊಳವೆ, ತಂತಿ, ಒಂದೊಂದನ್ನೂ ಬಿಚ್ಚಿ ನೋಡಬೇಕು. ಸವೆದದ್ದನ್ನು ಕಿತ್ತು ಹೊಸದು ಹಾಕಬೇಕು. ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದಂತಲ್ಲ. ಕಲಾಯಿ ಹೋದರೆ ಹುಳಿ ಕಿಲುಬೀತು, ಚೆಲ್ಲಿದರಾಯಿತು. ಇಲ್ಲಿ ಒಳಗೆ ಮನುಷ್ಯರಿರುತ್ತಾರೆ.

ಕೊವೆಂಟ್ರಿಯಿಂದ ಹೊರಟು, ಅಲ್ಲಲ್ಲಿ ಇಳಿದು, ಏಪ್ರಿಲ್ ಕೊನೆಯಲ್ಲಿ ಅದು ಜಾಮ್‌ನಗರ ಮುಟ್ಟಿತು. “ಹಡಗಿನಲ್ಲಿ ಕಳಿಸಬಹುದಿತ್ತಲ್ಲ?” ಎಂದರು ನಮ್ಮ ಮನೆಯವರು. ಗಂಡಸರ ಲೆಕ್ಕವೇ ಹಾಗೆ. ರೆಕ್ಕೆ ಬಂದಮೇಲೆ ಯಾರಾದರೂ ಹಡಗು ಹತ್ತುತ್ತಾರೆಯೇ?

ಮೇ 4ರಂದು ದೆಹಲಿ ಪಕ್ಕದ ಹಿಂಡನ್‌ನಲ್ಲಿ ವಿಮಾನದ ಕೀಲಿಕೈಯನ್ನು ವಾಯುಪಡೆಯ ಮುಖ್ಯಸ್ಥರ ಕೈಗಿತ್ತವರು ಆ ತಂದೆಯೇ.