ಎಲ್ಕ್ ಬೇಟೆಗೆ ಹೊರಡುವ ಮುನ್ನ

ನಮ್ಮ ಮಗ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬಿಲ್ಲುಬಾಣ ಹಿಡಿದು ಬೇಟೆಗೆ ಹೋಗುತ್ತಾನೆಂಬ ಸುದ್ದಿ ನಮ್ಮ ಪುಣೆಯ ಸಂಘದಲ್ಲಿ ಹೇಗೋ ಹಬ್ಬಿದೆ. ಕಳೆದ ಎರಡು ಮೂರು ಕೂಟಗಳಲ್ಲಿ ನೀವು ಹುಡುಗ ಹುಡುಗಿಯರು ನನ್ನನ್ನು ಸುತ್ತುವರಿದು ಕೇಳಿದಿರಿ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ನಾನು ಕೊಟ್ಟ ಉತ್ತರ ಯಾರಿಗೂ ಸಾಲಲಿಲ್ಲವೆಂದು ಕಾಣುತ್ತದೆ. “ಆಂಟಿ, ಅದು ಅಪರಾಧವಲ್ಲವೇ?” ಎಂದು ಒಬ್ಬಳು. “ಆಂಟಿ, ನಾನು ಬರುವ ವರ್ಷ ಎಂ.ಎಸ್. ಓದಲು ಹೋಗುತ್ತಿದ್ದೇನೆ, ಎಲ್ಲಿಂದ ಶುರು ಮಾಡಬೇಕು?” ಎಂದು ಇನ್ನೊಬ್ಬ. ಕೊನೆಗೆ ಸಂಪಾದಕರೇ ಬರೆದುಕೊಡಿ ಎಂದರು. ಮಾಂಸ ಮುಟ್ಟದವರು, ಬೇಟೆಯ ಮಾತೇ ಬೇಡವೆನ್ನುವವರು ಈ ಪುಟವನ್ನು ಮಗುಚಿ ಮುಂದೆ ಹೋದರೆ ನನಗೆ ಬೇಸರವಿಲ್ಲ.

ಮೊದಲ ಪ್ರಶ್ನೆಗೆ ಮೊದಲು ಉತ್ತರ. ನಮ್ಮ ದೇಶದಲ್ಲಿ ಅದು ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಕೊಡಗಿನಲ್ಲೂ ಬೇಟೆ ನಿಂತಿತು. ನಾನು ಹುಟ್ಟುವ ಹೊತ್ತಿಗೆ ಅದು ಹಿರಿಯರ ಬಾಯಿಯ ಕತೆಯಷ್ಟೇ ಆಗಿತ್ತು. ಸೆಪ್ಟೆಂಬರ್ ಮೊದಲ ವಾರ, ಗದ್ದೆ ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದಲ್ಲಿ ಈಗಲೂ ಕೋವಿಗೆ ಹೂವಿಟ್ಟು ಪೂಜಿಸುತ್ತೇವೆ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತೇವೆ. ಹಿಂದೆ ಆ ಹಬ್ಬದ ಮರುದಿನದಿಂದ ಕಾಡಿಗೆ ಹೋಗುತ್ತಿದ್ದರಂತೆ. ಈಗ ಹಂದಿ ಮಾಂಸ ಬರುವುದು ಅಂಗಡಿಯಿಂದ, ಕಾಡಿನಿಂದಲ್ಲ. ಅದು ಹಾಗೆಯೇ ಇರಬೇಕೆಂಬುದು ನನ್ನ ಮತ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾತು. ರಜೆಗೆ ಊರಿಗೆ ಹೋದಾಗ ಅಜ್ಜನ ತೋಟದಲ್ಲಿ ಪರೀಕ್ಷಿಸುವ ವಿದ್ಯೆ ಇದಲ್ಲ.

ಎಲ್ಕ್ ಎಂದರೆ ನಮ್ಮ ಕಡವೆಯ ಜಾತಿಗೆ ದೂರದ ಬಂಧು. ಕಾಶ್ಮೀರದ ಹಂಗುಲ್ ಇದಕ್ಕೆ ಇನ್ನೂ ಹತ್ತಿರದ ನೆಂಟ. ಗಂಡು ಮುನ್ನೂರು ಕಿಲೋ ದಾಟುತ್ತದೆ, ಹೆಣ್ಣು ಇನ್ನೂರ ಇಪ್ಪತ್ತರ ಆಸುಪಾಸು. ಕೊಲರಾಡೊದಲ್ಲಿ ಇಂದು ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ಆದರೆ 1900ರ ಹೊತ್ತಿಗೆ ಅಲ್ಲಿನ ಜನ ಅವನ್ನು ಕೊಂದು ಕೊಂದು ಬೆರಳೆಣಿಕೆಗೆ ತಂದಿದ್ದರು. 1910ರ ದಶಕದಲ್ಲಿ ಪಕ್ಕದ ವಯೋಮಿಂಗ್‌ನಿಂದ ತಂದು ಬಿಟ್ಟು, ಬೇಟೆ ನಿಲ್ಲಿಸಿ ಬೆಳೆಸಿದರು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಎಂಬುದು ಬಂತು. ಬೇಟೆಯವರು ಕೊಳ್ಳುವ ಬಂದೂಕು, ತೋಟಾಗಳ ಮೇಲಿನ ತೆರಿಗೆಯ ಹಣ ವನ್ಯಜೀವಿ ರಕ್ಷಣೆಗೇ ಹೋಗಬೇಕೆಂಬ ಕಾನೂನದು. ಬಿಲ್ಲುಬಾಣವನ್ನೂ ಅದಕ್ಕೆ ಸೇರಿಸಿದ್ದು 1972ರಲ್ಲಿ. ನಮ್ಮಲ್ಲಿ ಬೇಟೆಯನ್ನು ನಿಷೇಧಿಸಿ ಕಾಡನ್ನು ಕಾಯಲು ಹೊರಟ ವರ್ಷವೇ ಅವರು ಬೇಟೆಗಾರನ ಜೇಬಿನಿಂದ ಕಾಡಿಗೆ ಹಣ ತೆಗೆಯುವುದನ್ನು ವಿಸ್ತರಿಸಿದರು. ಎರಡೂ ದಾರಿಯಲ್ಲಿ ಪ್ರಾಣಿ ಉಳಿಯಿತೆನ್ನಿ. ಜನ ಬೇರೆ, ನೆಲ ಬೇರೆ.

ನೆಲದ ವಿಷಯ ಬಂತಲ್ಲ, ನನಗೆ ಎಲ್ಲಕ್ಕಿಂತ ಆಶ್ಚರ್ಯವೆನಿಸಿದ್ದು ಅದೇ. ಅಮೆರಿಕದ ಒಟ್ಟು ನೆಲದ ಕಾಲು ಭಾಗಕ್ಕೂ ಹೆಚ್ಚು ಕೇಂದ್ರ ಸರ್ಕಾರದ್ದು, ಅದರಲ್ಲಿ ಬಹುಪಾಲು ಪಶ್ಚಿಮದ ರಾಜ್ಯಗಳಲ್ಲಿದೆ. ನಮ್ಮ ಮಗ ಹೋಗುವ ವೈಟ್ ರಿವರ್ ರಾಷ್ಟ್ರೀಯ ಅರಣ್ಯವೊಂದೇ ಇಪ್ಪತ್ತಮೂರು ಲಕ್ಷ ಎಕರೆಯಷ್ಟಿದೆ. ಜಮೀನ್ದಾರನ ಪರಿಚಯ, ಶಿಫಾರಸು ಯಾವುದೂ ಬೇಡ. ಡೆನ್ವರ್‌ನಿಂದ ನಾಲ್ಕು ಗಂಟೆ ಕಾರಿನಲ್ಲಿ ಹೋಗಿ, ಗುಡಾರ ಹಾಕಿ, ನಡೆಯಲು ಶುರು ಮಾಡಬಹುದು. ಎಚ್‌-1ಬಿ ವೀಸಾದ ಮೇಲಿರುವ ಕೊಡಗಿನ ಹುಡುಗನಿಗೂ ಅಲ್ಲಿ ಹುಟ್ಟಿದವನಿಗೂ ಆ ಕಾಡಿನಲ್ಲಿ ಕಾಲಿಡಲು ಒಂದೇ ಹಕ್ಕು. ನಡುನಡುವೆ ಖಾಸಗಿ ಜಮೀನು ಇರುತ್ತದೆ, ಬೇಲಿ ಇರಬೇಕೆಂದೇನೂ ಇಲ್ಲ. ಹಾಗಾಗಿ ಗಡಿ ತೋರಿಸುವ ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಬೇಕು. ಬೆಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲ.

ಶುರು ಮಾಡುವ ಬಗೆಗೆ ಬರೋಣ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಯಾರೇ ಆಗಲಿ, ಬೇಟೆಯ ಸುರಕ್ಷತಾ ಶಿಕ್ಷಣ ಪಡೆದ ಪ್ರಮಾಣಪತ್ರ ಇಲ್ಲದೆ ಕೊಲರಾಡೊದಲ್ಲಿ ಪರವಾನಗಿ ಸಿಗದು. ಆ ರಾಜ್ಯದಲ್ಲೇ ಕನಿಷ್ಠ ಆರು ತಿಂಗಳಿಂದ ನೆಲೆಸಿದವರಿಗೆ ಹಲವು ಪ್ರದೇಶಗಳಲ್ಲಿ ಬಿಲ್ಲಿನ ಎಲ್ಕ್ ಪರವಾನಗಿ ನೇರವಾಗಿ ಕೊಳ್ಳಲು ಸಿಗುತ್ತದೆ. ಹೊರರಾಜ್ಯದವರಿಗೆ 2025ರಿಂದ ಲಾಟರಿಯೇ ಗತಿ. ಅರ್ಜಿಯ ಗಡುವು ಏಪ್ರಿಲ್ ಆರಂಭದಲ್ಲಿ, ಶುಲ್ಕವೂ ಹಲವು ಪಟ್ಟು ಜಾಸ್ತಿ. ನಿಯಮಪುಸ್ತಕ ಪ್ರತಿ ವರ್ಷ ಹೊಸದು ಬರುತ್ತದೆ. ಆಂಟಿ ಬರೆದದ್ದನ್ನು ನಂಬಿ ಹೋಗಬೇಡಿ, ಆ ವರ್ಷದ ಪುಸ್ತಕ ಓದಿ ಹೋಗಿ.

“ಕೋವಿ ಇರುವಾಗ ಬಿಲ್ಲೇಕೆ?” ಎಂದು ನಮ್ಮ ಯಜಮಾನರು ಕೇಳಿದ್ದರು. ಸೈನ್ಯದಲ್ಲಿದ್ದವರು, ಅವರಿಗೆ ಅದು ಸಹಜ. ಮಗ ಎರಡು ಕಾರಣ ಹೇಳಿದ. ವೀಸಾದ ಮೇಲಿರುವವರಿಗೆ ಅಲ್ಲಿನ ಬಂದೂಕಿನ ಕಾನೂನು ತೊಡಕಿನದು. ಬೇಟೆಯ ಪರವಾನಗಿ ಇದ್ದರೆ ವಿನಾಯಿತಿ ಉಂಟು, ಆದರೂ ವಕೀಲರನ್ನು ಕೇಳದೆ ಮುಟ್ಟಬಾರದು. ಬಿಲ್ಲು ಆ ಕಾನೂನಿನೊಳಗೆ ಬರುವುದಿಲ್ಲ. ಇನ್ನೊಂದು, ಬಿಲ್ಲಿನವರಿಗೆ ಮೀಸಲಾದದ್ದು ಸೆಪ್ಟೆಂಬರ್ ತಿಂಗಳು, ಎಲ್ಕ್‌ಗಳ ಬೆದೆಗಾಲ. ಗಂಡುಗಳು ಕೂಗುವುದು ಆಗಲೇ.

ನನ್ನ ಪ್ರಶ್ನೆ ಬೇರೆ ಇತ್ತು. ಫೋನಿನಲ್ಲಿ ಕೇಳಿಯೂಬಿಟ್ಟೆ. “ಗುಂಡು ಬಿದ್ದರೆ ಪ್ರಾಣಿ ಅಲ್ಲೇ ಬೀಳುತ್ತದೆ. ಬಾಣ ಚುಚ್ಚಿಸಿಕೊಂಡು ಓಡಿಹೋಗಿ ಎಲ್ಲೋ ನರಳಿ ಸತ್ತರೆ?” ಅವನು ಹಾರಿಕೆಯ ಉತ್ತರ ಕೊಡಲಿಲ್ಲ. “ಅದೇ ಅವ್ವ, ನನಗೂ ಇರುವ ಹೆದರಿಕೆ” ಎಂದ. ಬಾಣ ಕೊಲ್ಲುವುದು ಏಟಿನ ರಭಸದಿಂದಲ್ಲ, ರಕ್ತ ಹರಿಸಿ. ಮೊನೆ ಕ್ಷೌರದ ಕತ್ತಿಯಷ್ಟು ಹರಿತವಿದ್ದು ಎರಡೂ ಶ್ವಾಸಕೋಶ ಸೀಳಿದರೆ ಪ್ರಾಣಿ ನಿಮಿಷದೊಳಗೆ ಬೀಳುತ್ತದೆ. ಹೊಟ್ಟೆಗೋ ಭುಜದ ಮೂಳೆಗೋ ತಗುಲಿದರೆ ನಾನು ಹೇಳಿದಂತೆಯೇ ಆಗುತ್ತದೆ. ಅಲ್ಲಿಯ ಕಾನೂನು ಬಿಲ್ಲಿಗೆ ಕನಿಷ್ಠ 35 ಪೌಂಡ್ ಎಳೆತ, ಮೊನೆಗೆ ಕನಿಷ್ಠ 7/8 ಅಂಗುಲ ಅಗಲ, ಎರಡು ಉಕ್ಕಿನ ಅಲಗು ಇರಬೇಕೆನ್ನುತ್ತದೆ. ಅದು ಕಾನೂನಿನ ಕನಿಷ್ಠ. ಎಲ್ಕ್‌ಗೆ ಹೋಗುವವರು ಸಾಮಾನ್ಯವಾಗಿ ಐವತ್ತು, ಅರುವತ್ತು ಪೌಂಡ್ ಎಳೆಯುತ್ತಾರೆ.

ಇವನು 2021ರ ಚಳಿಗಾಲದಲ್ಲಿ ಕಾಂಪೌಂಡ್ ಬಿಲ್ಲು ಕೊಂಡ. ಗಾಲಿಗಳ ಮೇಲೆ ಹೆದೆ ಸುತ್ತುವ ಈ ಬಗೆಯ ಬಿಲ್ಲಿಗೆ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯುವ ಭಾರ ತೀರ ಕಡಿಮೆಯಾಗುವುದರಿಂದ ಗುರಿ ಹಿಡಿದು ನಿಲ್ಲಬಹುದು. ಅಂಗಡಿಯಲ್ಲಿ ಅಳತೆ ತೆಗೆದು, ತೋಳಿನ ಉದ್ದಕ್ಕೆ ಹೊಂದಿಸಿ ಕೊಟ್ಟರಂತೆ, ದರ್ಜಿ ರವಿಕೆಗೆ ಅಳತೆ ತೆಗೆದ ಹಾಗೆ. ಕಡಿಮೆ ಭಾರದಿಂದ ಆರಂಭಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ. ನಿಂತು, ಮಂಡಿಯೂರಿ, ಕೂತು, ಬೆನ್ನಿಗೆ ಚೀಲ ಹೊತ್ತು, ಮೆಟ್ಟಿಲು ಹತ್ತಿಳಿದು ಏದುಸಿರು ಬಿಡುತ್ತ. ಮೈದಾನದಲ್ಲಿ ಅರುವತ್ತು ಗಜಕ್ಕೆ ತಟ್ಟೆಯಷ್ಟಗಲದಲ್ಲಿ ಬಾಣ ನೆಡುವವನು ಕಾಡಿನಲ್ಲಿ ಮೂವತ್ತು ಗಜ ಮೀರಿ ಬಿಡುವುದಿಲ್ಲವೆಂದು ತನಗೆ ತಾನೇ ಗೆರೆ ಹಾಕಿಕೊಂಡ.

ಮೂವತ್ತು ಗಜದೊಳಗೆ ಹೋಗುವುದೇ ಎಲ್ಲಕ್ಕಿಂತ ಕಷ್ಟ. ಎಲ್ಕ್‌ನ ಕಣ್ಣು, ಕಿವಿಗಳನ್ನು ಹೇಗೋ ವಂಚಿಸಬಹುದು, ಮೂಗನ್ನು ಆಗದು. ಬಿಸಿಲೇರಿದಂತೆ ಬೆಟ್ಟದ ಗಾಳಿ ಮೇಲಕ್ಕೆ ಹರಿಯುತ್ತದೆ, ಸಂಜೆ ತಂಪಾದಂತೆ ಕಣಿವೆಗೆ ಇಳಿಯುತ್ತದೆ. ಬೆಳಗ್ಗೆ ಎಲ್ಲಿಂದ ಏರಬೇಕು, ಸಂಜೆ ಎಲ್ಲಿ ಕೂರಬೇಕು ಎಂಬುದನ್ನು ತೀರ್ಮಾನಿಸುವುದು ಈ ಗಾಳಿ. ಒಂದು ಪುಟ್ಟ ಸೀಸೆಯಲ್ಲಿ ಪುಡಿ ಇಟ್ಟುಕೊಂಡು ಆಗಾಗ ಊದಿ ಅದು ಯಾವ ಕಡೆ ತೇಲುವುದೆಂದು ನೋಡುತ್ತಿರುತ್ತಾರೆ. ಇನ್ನು ಎತ್ತರ. ನಮ್ಮ ಮುಳ್ಳಯ್ಯನಗಿರಿ ಆರು ಸಾವಿರದ ಮುನ್ನೂರು ಅಡಿ. ಇವರು ಅಲೆಯುವುದು ಎಂಟರಿಂದ ಹನ್ನೆರಡು ಸಾವಿರ ಅಡಿಯಲ್ಲಿ. ಬಯಲಿನಿಂದ ಹೋದವರು ಎರಡು ಮೂರು ದಿನ ಮೈ ಒಗ್ಗಿಸಿಕೊಳ್ಳದೆ ಹತ್ತಬಾರದು. ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಬೋಳು ಗುಡ್ಡದಿಂದ ಇಳಿದುಬಿಡಬೇಕು. ಒಬ್ಬರೇ ಹೋಗುವುದಂತೂ ಬೇಡ. ನಮ್ಮವನ ಜೊತೆಗೆ ಅಲ್ಲಿಯೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬ ಇದ್ದ, ಅದು ನನ್ನ ನೆಮ್ಮದಿ.

ಅಷ್ಟೆಲ್ಲ ಆಗಿ, ಹತ್ತು ಮಂದಿ ಬಿಲ್ಲು ಹಿಡಿದು ಹೋದರೆ ಎಲ್ಕ್ ಸಿಗುವುದು ಒಬ್ಬಿಬ್ಬರಿಗೆ. 2022ರಲ್ಲಿ ಇವನು ಒಂಬತ್ತು ದಿನ ಅಲೆದು ಬರಿಗೈಯಲ್ಲಿ ಬಂದ. 2023ರಲ್ಲಿ ದೊಡ್ಡ ಗಂಡೊಂದು ಇಪ್ಪತ್ತೆಂಟು ಗಜದಲ್ಲಿ ಬಂದು ನಿಂತಿತಂತೆ. ಹೆದೆ ಎಳೆದದ್ದೂ ಆಗಿತ್ತು. ಆದರೆ ಅದು ನೇರ ಎದುರಿಗೆ ಮುಖ ಮಾಡಿತ್ತು, ಪಕ್ಕೆ ಕೊಡಲಿಲ್ಲ. ತೋಳು ನಡುಗುವವರೆಗೆ ಹಿಡಿದಿದ್ದು ಹೆದೆ ಇಳಿಸಿದ, ಅದು ಹೊರಟುಹೋಯಿತು. ಯಜಮಾನರು “ಛೆ, ಬಿಡಬಾರದಿತ್ತೇ!” ಎಂದು ಎರಡು ದಿನ ಹಲುಬಿದರು. ನನಗೆ ಮಾತ್ರ ಅವನು ಬೇಟೆಗೆ ಹೋಗಬಹುದೆಂದು ಒಪ್ಪಿಗೆಯಾದದ್ದು ಅಂದೇ.

2024ರ ಸೆಪ್ಟೆಂಬರಿನಲ್ಲಿ ನಾನು ಅಲ್ಲಿದ್ದೆ. ಬೇಟೆಯ ಹಿಂದೆ ಹೋಗಲಿಲ್ಲ, ಗುಡಾರದ ಹತ್ತಿರ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದೆ. ನಸುಕಿನಲ್ಲಿ ಆ ಕೂಗು ಕೇಳಿದೆ. ಅಷ್ಟು ದೊಡ್ಡ ಪ್ರಾಣಿ ಗುಟುರು ಹಾಕೀತೆಂದುಕೊಂಡರೆ, ಸಣ್ಣದಾಗಿ ಎದ್ದು ಮೇಲೇರಿ ಕೊಳಲಿನಂತೆ ಸೀಟಿ ಹೊಡೆದು, ಕೊನೆಗೆ ಕೆಮ್ಮಿದ ಹಾಗೆ ನಿಲ್ಲುತ್ತದೆ. ಕಣಿವೆಯ ಆಚೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಕೈಯಲ್ಲಿದ್ದ ಕಾಫಿ ಆರಿದ್ದು ತಿಳಿಯಲಿಲ್ಲ.

ಐದನೆಯ ದಿನ ಸಂಜೆ ಅವನಿಗೆ ಒಂದು ಹೆಣ್ಣು ಎಲ್ಕ್ ಇಪ್ಪತ್ತೆರಡು ಗಜದಲ್ಲಿ ಪಕ್ಕೆ ಕೊಟ್ಟಿತು. ಬಾಣ ಬಿಟ್ಟ ಮೇಲೆ ಓಡಿ ಹಿಂಬಾಲಿಸುವಂತಿಲ್ಲ. ಗಾಯಗೊಂಡ ಪ್ರಾಣಿ ಬೆನ್ನಟ್ಟುವವರನ್ನು ಕಂಡರೆ ಮೈಲಿಗಟ್ಟಲೆ ಹೋಗುತ್ತದೆ. ಗಡಿಯಾರ ನೋಡುತ್ತ ಮುಕ್ಕಾಲು ಗಂಟೆ ಕೂತರು. ಆಮೇಲೆ ಟಾರ್ಚ್ ಬೆಳಕಿನಲ್ಲಿ, ಎಲೆಯ ಮೇಲಿನ ರಕ್ತದ ಹನಿ ಹುಡುಕುತ್ತ ಹೋದರೆ ನೂರು ಗಜದಲ್ಲೇ ಬಿದ್ದಿತ್ತು. ಆ ಮುಕ್ಕಾಲು ಗಂಟೆ ತಾನು ಏನು ಯೋಚಿಸಿದನೆಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಬಾಣದ ಬೇಟೆ ಸರಿಯೇ ಎಂಬ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದೆಯೆಂದೂ ಹೇಳಲಾರೆ.

ನಿಜವಾದ ಕೆಲಸ ಆಮೇಲಿನದು. ನಾಲ್ಕೂ ಕಾಲಿನ ಮಾಂಸ, ಬೆನ್ನಿನುದ್ದದ ಮಾಂಸ, ಒಳಗಿನ ಮೆದು ಮಾಂಸ ಇಷ್ಟನ್ನೂ ತಿನ್ನಲು ಯೋಗ್ಯವಾಗಿ ಹೊರತರಲೇಬೇಕೆಂದು ಕೊಲರಾಡೊದ ಕಾನೂನಿದೆ. ಕೊಂಬು ಕಡಿದುಕೊಂಡು ಮಿಕ್ಕದ್ದನ್ನು ಬಿಟ್ಟುಬಂದರೆ ಶಿಕ್ಷೆ. ಮಾರುವಂತೆಯೂ ಇಲ್ಲ. ಸೆಪ್ಟೆಂಬರಿನ ಹಗಲು ಬೆಚ್ಚಗಿರುವುದರಿಂದ ರಾತ್ರಿಯೇ ಚರ್ಮ ಸುಲಿದು, ಬಟ್ಟೆಯ ಚೀಲಗಳಲ್ಲಿ ತೂಗುಹಾಕಿ ತಣಿಸಿ, ಇಬ್ಬರೂ ಎರಡೆರಡು ಸಲ ಬೆನ್ನ ಮೇಲೆ ಹೊತ್ತು ತಂದರು. ಮೂಳೆ ಬಿಡಿಸಿದ ಮೇಲೂ ಅರುವತ್ತು ಕಿಲೋಗಿಂತ ಹೆಚ್ಚಿತ್ತು. ಕರಡಿಗಳಿರುವ ಕಾಡು, ತಡ ಮಾಡುವಂತಿರಲಿಲ್ಲ.

ಡೆನ್ವರ್‌ನ ಅಡುಗೆಮನೆಯಲ್ಲಿ ಎರಡು ದಿನ ನಾನೇ ಕತ್ತಿ ಹಿಡಿದು ಕೂತೆ. ಈ ಮಾಂಸದಲ್ಲಿ ಕೊಬ್ಬೇ ಇಲ್ಲ. ನಮ್ಮ ಪಂದಿ ಕರಿಯ ಹಾಗೆ ತನ್ನ ಕೊಬ್ಬಿನಲ್ಲೇ ಬೇಯಲೆಂದು ಬಿಟ್ಟರೆ ಹಗ್ಗವಾಗುತ್ತದೆ. ತೊಡೆಯ ಭಾಗಕ್ಕೆ ಧಾರಾಳವಾಗಿ ಎಣ್ಣೆ, ಈರುಳ್ಳಿ, ಹುರಿದ ಮೆಣಸು ಜೀರಿಗೆ ಪುಡಿ ಹಾಕಿ ಸಣ್ಣ ಉರಿಯಲ್ಲಿ ಮೂರು ಗಂಟೆ, ಕೊನೆಗೆ ಕಾಚಂಪುಳಿ. ಬೆನ್ನಿನ ಮಾಂಸವನ್ನು ಕಾವಲಿಯ ಮೇಲೆ ಬರೇ ಉಪ್ಪು ಮೆಣಸು ಹಾಕಿ ಎರಡು ಮಗುಚು ಸಾಕು. ಆದರೆ ಅಡುಗೆಗೆ ಮೊದಲು ಒಂದು ಮಾತು. ಜಿಂಕೆ ಜಾತಿಗೆ ಬರುವ ಸಿ.ಡಬ್ಲ್ಯು.ಡಿ. ಎಂಬ ಮೆದುಳಿನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1967ರಲ್ಲಿ, ಆ ಕೊಲರಾಡೊದಲ್ಲೇ. ಮನುಷ್ಯರಿಗೆ ಬಂದದ್ದು ಕಂಡಿಲ್ಲ, ಆದರೂ ಕಾಯಿಲೆಯಿರುವ ಪ್ರಾಣಿಯ ಮಾಂಸ ತಿನ್ನಬಾರದೆಂದು ಆರೋಗ್ಯ ಇಲಾಖೆಯ ಸಲಹೆ. ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಫ್ರೀಜರಿನ ಪೊಟ್ಟಣಗಳನ್ನು ಯಾರಿಗೂ ಹಂಚಗೊಡಲಿಲ್ಲ ನಾನು. ಕಾಯಿಲೆಯಿಲ್ಲವೆಂದು ಬಂದ ದಿನ ಮೊದಲ ಪಾಲು ಜೊತೆಗೆ ಹೊತ್ತವನ ಮನೆಗೆ ಹೋಯಿತು, ಎರಡನೆಯದು ಕೆಳಗಿನ ಮನೆಯ ಅಜ್ಜಿಗೆ. ಕಾಚಂಪುಳಿ ಹಾಕಿದ್ದನ್ನು ಆಕೆ ಎರಡು ಸಲ ಬಡಿಸಿಕೊಂಡರು.