ಬಾಯಿಯ ಬಿಳಿ ಕಲೆ

ಎಲೆ-ಅಡಕೆ-ತಂಬಾಕುಗಳ ರೂಢಿಯುಳ್ಳ ನಮ್ಮ ಮುಳಗುಂದದಲ್ಲಿ ಬಾಯೊಳಗಿನ ಬಿಳಿ ಕಲೆಯೆಂದರೆ ತಂಬಾಕಿನ ಫಲವೆಂದೇ ಜನರು ಬಗೆಯುವರು. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ತಂಬಾಕನ್ನು ಎಂದೂ ಮುಟ್ಟದ ನಮ್ಮ ಹಳೆಯ ಶಿಷ್ಯನೊಬ್ಬನ ನಾಲಗೆಯ ಅಂಚಿನಲ್ಲಿ ಅಂಥ ಕಲೆಯು ಕಾಣಿಸಲು, ಅದರ ಕಾರಣವನ್ನು ನಾವು ವೈದ್ಯರಿಂದ ಕೇಳಿ ತಿಳಿದೆವು.

ಆತನಿಗೆ ಕೆಲವು ವರ್ಷಗಳ ಹಿಂದೆ ರಕ್ತದ ಕ್ಯಾನ್ಸರಿನ ಸಲುವಾಗಿ ತಂಗಿಯ ಅಸ್ಥಿಮಜ್ಜೆಯ ಮೂಲಕಣಗಳನ್ನು ಕೊಟ್ಟಿದ್ದರು. ಅಮೇರಿಕೆಯ ಡಾನಲ್ ಥಾಮಸರಿಗೆ 1990ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದ ಈ ಚಿಕಿತ್ಸೆಯು ಪ್ರಾಣದಾನವೇ ಸರಿ. ಆದರೆ ದಾನವಾಗಿ ಬಂದ ರಕ್ಷಕಕಣಗಳು ಕೆಲವೊಮ್ಮೆ ಆಶ್ರಯವಿತ್ತ ದೇಹವನ್ನೇ ಪರಕೀಯವೆಂದೆಣಿಸಿ ಬಾಯಿಯ ಒಳಪೊರೆಯನ್ನು ಕೆರಳಿಸುವವು. ಅದನ್ನಡಗಿಸುವ ಔಷಧಗಳಿಂದ ರೋಗನಿರೋಧಶಕ್ತಿಯು ಕುಗ್ಗುವದು. ಆಗ ಪ್ಯಾಪಿಲೋಮಾ ಎಂಬ ವೈರಸ್ಸು ನೆಲೆಯೂರಲು ಆಸ್ಪದವಾಗಿ, ಕೆಲವರಲ್ಲಿ ಕಣಗಳ ಬೆಳವಣಿಗೆಯ ಕ್ರಮವೇ ಕೆಡುವದು.

ಆಯುರ್ವೇದದ ನಿದಾನಪಂಚಕದಲ್ಲಿ ಎರಡನೆಯದು ಪೂರ್ವರೂಪ. ವ್ಯಾಧಿಯು ಪ್ರಕಟವಾಗುವ ಮುನ್ನಿನ ಸೂಚನೆ. ಈ ಕಲೆಯೂ ಅಂಥದೇ. ಎಲ್ಲ ಕಲೆಗಳೂ ಕ್ಯಾನ್ಸರಾಗಲಾರವು. ಆದರೆ ಯಾವದು ಆಗುವದೆಂಬುದನ್ನು ಬರಿಗಣ್ಣು ಹೇಳಲಾರದು. ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಬೇಕಾಗುವದು. ನಮ್ಮ ಶಿಷ್ಯನ ಕಲೆಯನ್ನು ಹಾಗೆಯೇ ಪರೀಕ್ಷಿಸಿ ಸಕಾಲದಲ್ಲಿ ತೆಗೆದುಹಾಕಿದರು. ಆದರೂ ಆತನು ತಪ್ಪದೆ ಬಾಯನ್ನು ತೋರಿಸಿಕೊಂಡು ಬರುತ್ತಿರುವನು. ಏಕೆಂದರೆ ಈ ಭಯವು ಎಷ್ಟೋ ವರ್ಷಗಳ ಮೇಲೆಯೂ ತಲೆದೋರಬಹುದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ: ಮಜ್ಜೆಯ ದಾನವನ್ನು ಪಡೆದವರು ಮನೆಯಲ್ಲಿದ್ದರೆ ತಿಂಗಳಿಗೊಮ್ಮೆ ಬೆಳಕಿನಲ್ಲಿ ಅವರ ಬಾಯನ್ನು ನೋಡಿರಿ. ಉಜ್ಜಿದರೂ ಹೋಗದ ಕಲೆ, ಎರಡು ವಾರಗಳಾದರೂ ಮಾಯದ ಹುಣ್ಣು ಕಂಡರೆ ಮನೆಮದ್ದಿನಲ್ಲಿ ಕಾಲವನ್ನು ಕಳೆಯದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯು ನಮ್ಮ ಸೀಮೆಗೆ ದೂರವಲ್ಲ. ಒಮ್ಮೆ ಮೃತ್ಯುಮುಖದಿಂದ ಮರಳಿ ಬಂದ ಜೀವವನ್ನು ಉದಾಸೀನದಿಂದ ಕಳೆದುಕೊಳ್ಳಬಾರದು.